ಹೊಸ್ತಿಲು ದಾಟದ ಯಂತ್ರ

ಕಸ ಗುಡಿಸುವ ರೋಬೋಟ್‌ಗಳಲ್ಲಿ ಬಹುಪಾಲಿನವು ಹತ್ತಬಲ್ಲ ಎತ್ತರ ಎರಡು ಸೆಂಟಿಮೀಟರ್ ಆಸುಪಾಸು. ಶೃಂಗೇರಿ ತಾಲ್ಲೂಕಿನ ಬೇಗಾರಿನಂಥ ಊರಿನಲ್ಲಿ ಹಳೆಯ ಮನೆಗಳ ಹೊಸ್ತಿಲು ಅದಕ್ಕಿಂತ ಎಷ್ಟೋ ಎತ್ತರ. ಅರಿಶಿನ ಕುಂಕುಮ ಹಚ್ಚಿದ ಆ ಮರದ ದಿಮ್ಮಿಯ ಎದುರು ಯಂತ್ರ ಬಂದು ಮುಟ್ಟುತ್ತದೆ, ಹಿಂದೆ ಸರಿಯುತ್ತದೆ, ಓರೆಯಾಗಿ ಇನ್ನೊಮ್ಮೆ ಮುಟ್ಟುತ್ತದೆ. ಕೊನೆಗೆ ಅದನ್ನು ಗೋಡೆಯ ಲೆಕ್ಕಕ್ಕೆ ಸೇರಿಸಿ ತಿರುಗಿ ಹೋಗುತ್ತದೆ. ಪಡಸಾಲೆ, ನಡುಮನೆ, ದೇವರ ಕೋಣೆ, ಅಡುಗೆಮನೆ ಎಲ್ಲ ಸೇರಿ ನಮಗೆ ಒಂದು ಮನೆ. ಯಂತ್ರದ ನಕ್ಷೆಯಲ್ಲಿ ಅವು ಒಂದಕ್ಕೊಂದು ದಾರಿಯೇ ಇಲ್ಲದ ನಾಲ್ಕು ಜಾಗಗಳು.

ಹಾಗಿದ್ದೂ ಇವು ಮಲೆನಾಡಿಗೆ ಬರುವ ದಾರಿ ಅರ್ಥವಾಗುವಂಥದ್ದೇ. ಮಕ್ಕಳು ಬೆಂಗಳೂರಿನಲ್ಲೋ ಅಮೆರಿಕದಲ್ಲೋ ಇದ್ದಾರೆ, ಊರಿನ ದೊಡ್ಡ ಮನೆಯಲ್ಲಿ ವಯಸ್ಸಾದ ಇಬ್ಬರಿದ್ದಾರೆ, ಮನೆಗೆಲಸಕ್ಕೆ ಜನ ಸಿಗುವುದಿಲ್ಲ, ಸೊಂಟ ಬಗ್ಗುವುದಿಲ್ಲ. ಫ್ಲ್ಯಾಟಿಗೆ ಹೊಸದು ಬಂದಾಗ ಹಳೆಯ ಟಿವಿ, ಹಳೆಯ ಮಿಕ್ಸಿ ಊರಿನ ಬಸ್ಸು ಹತ್ತುವುದು ರೂಢಿ. ಕಸ ಗುಡಿಸುವ ಯಂತ್ರವೂ ಅದೇ ಬಸ್ಸಿನಲ್ಲಿ ಬರಬಹುದು. ಇಲ್ಲವಾದರೆ ಹೊಸದರ ಬೆಲೆ ಕೊಡಲಾರದೆ ‘ರಿಫರ್ಬಿಶ್ಡ್’ ಎಂಬ ಚೀಟಿ ಅಂಟಿಸಿದ್ದನ್ನು ಆನ್‌ಲೈನ್‌ನಲ್ಲಿ ತರಿಸುತ್ತಾರೆ. ಆ ಚೀಟಿಯ ಹಿಂದೆ ಏನು ಬೇಕಾದರೂ ಇರಬಹುದು. ಗಿರಾಕಿ ಪೆಟ್ಟಿಗೆ ಬಿಚ್ಚಿ ನೋಡಿ ಬೇಡವೆಂದು ವಾಪಸು ಮಾಡಿದ್ದೂ ರಿಫರ್ಬಿಶ್ಡ್, ಎರಡು ವರ್ಷ ದುಡಿದು ಸುಸ್ತಾಗಿ ಒರೆಸಿಕೊಂಡು ಬಂದದ್ದೂ ರಿಫರ್ಬಿಶ್ಡ್. ಯಾವುದು ಯಾವುದೆಂದು ತಿಳಿಯಬೇಕಾದರೆ ಯಂತ್ರ ಹೇಗೆ ಬದುಕುತ್ತದೆ ಎಂಬುದು ಗೊತ್ತಿರಬೇಕು.

ಇದರ ವಂಶಾವಳಿ ಚಿಕ್ಕದು. ಸ್ವೀಡನ್ನಿನ ಎಲೆಕ್ಟ್ರೋಲಕ್ಸ್ ಕಂಪನಿ 1996ರಲ್ಲಿ ಬಿಬಿಸಿಯ ಒಂದು ಕಾರ್ಯಕ್ರಮದಲ್ಲಿ ಮಾದರಿಯೊಂದನ್ನು ತೋರಿಸಿ, 2001ರಲ್ಲಿ ‘ಟ್ರೈಲೊಬೈಟ್’ ಹೆಸರಿನಲ್ಲಿ ಮಾರಾಟಕ್ಕೆ ಬಿಟ್ಟಿತು. ಬಾವಲಿಯ ಹಾಗೆ ಶ್ರವಣಾತೀತ ಶಬ್ದ ಹೊರಡಿಸಿ ದಾರಿ ಕಂಡುಕೊಳ್ಳುತ್ತಿದ್ದ ಅದರ ಬೆಲೆಯೇ ಅದಕ್ಕೆ ಮುಳುವಾಯಿತು. ಮರುವರ್ಷ ಅಮೆರಿಕದ ಐರೋಬೋಟ್ ಕಂಪನಿ 199 ಡಾಲರಿಗೆ ‘ರೂಂಬಾ’ ತಂದಿತು. ಅಲ್ಲಿನ ಎಂಐಟಿ ವಿಶ್ವವಿದ್ಯಾಲಯದ ರಾಡ್ನಿ ಬ್ರೂಕ್ಸ್ ತನ್ನ ಶಿಷ್ಯರಾದ ಕಾಲಿನ್ ಏಂಜಲ್, ಹೆಲೆನ್ ಗ್ರೈನರ್ ಜೊತೆ 1990ರಲ್ಲಿ ಕಟ್ಟಿದ ಕಂಪನಿ ಅದು. ಅದೇ ವರ್ಷ ಬ್ರೂಕ್ಸ್ ಬರೆದ ಪ್ರಬಂಧವೊಂದರ ಹೆಸರಿನ ಅರ್ಥ, ಆನೆಗಳು ಚದುರಂಗ ಆಡುವುದಿಲ್ಲ ಎಂದು. ಕಾಡಿನಲ್ಲಿ ಬದುಕಲು ಆನೆಗೆ ಚದುರಂಗದ ಬುದ್ಧಿ ಬೇಡ. ಹಾಗೆಯೇ ಯಂತ್ರದ ತಲೆಯೊಳಗೆ ಜಗತ್ತಿನ ಪೂರ್ತಿ ಚಿತ್ರ ತುಂಬುವ ಕಷ್ಟ ಬೇಡ, ಎದುರಿಗೆ ಸಿಕ್ಕಿದ್ದಕ್ಕೆ ತಕ್ಕಂತೆ ನಡೆದುಕೊಳ್ಳಲು ಕಲಿಸಿದರೆ ಸಾಕು ಎಂಬುದು ಅವರ ವಾದ. ಮೊದಲ ರೂಂಬಾ ಆ ವಾದದ ಕೂಸು. ನಕ್ಷೆ ಇಲ್ಲ, ನೆನಪಿಲ್ಲ. ಸುರುಳಿ ಸುತ್ತು, ಗೋಡೆ ಸಿಕ್ಕರೆ ಅದರ ಗುಂಟ ಹೋಗು, ಡಿಕ್ಕಿಯಾದರೆ ಯಾವುದೋ ಒಂದು ಕೋನಕ್ಕೆ ತಿರುಗು, ಅಷ್ಟೇ. ನೋಡುವವರಿಗೆ ತಲೆ ತಿರುಗಿದಂತೆ ಕಂಡರೂ ಸಾಕಷ್ಟು ಹೊತ್ತು ಬಿಟ್ಟರೆ ನೆಲದ ಬಹುಭಾಗ ಗುಡಿಸಿ ಮುಗಿಯುತ್ತಿತ್ತು.

2010ರಲ್ಲಿ ಬಂದ ನಿಯಾಟೋ ಕಂಪನಿಯ ಯಂತ್ರ ಈ ಕುರುಡು ಓಡಾಟವನ್ನು ಬದಲಿಸಿತು. ಅದರ ನೆತ್ತಿಯ ಮೇಲಿನ ಗೋಪುರದಲ್ಲಿ ಲೇಸರ್ ಕಿರಣವೊಂದು ಸೆಕೆಂಡಿಗೆ ಸುಮಾರು ಐದು ಸುತ್ತು ತಿರುಗುತ್ತ ಗೋಡೆ, ಕಂಬ, ಕುರ್ಚಿಯ ಕಾಲುಗಳ ದೂರವನ್ನು ಅಳೆಯುತ್ತದೆ. ಅಲ್ಲಿಯವರೆಗೆ ಸಾವಿರಾರು ಡಾಲರ್ ಬೆಲೆಯಿದ್ದ ಈ ಅಳತೆಗಾರನನ್ನು 30 ಡಾಲರಿಗಿಂತ ಕಡಿಮೆ ಖರ್ಚಿನಲ್ಲಿ ಕಟ್ಟಬಹುದೆಂದು 2008ರಲ್ಲಿ ಸಂಶೋಧಕ ಕರ್ಟ್ ಕೊನೊಲಿಗೆ ಮತ್ತು ಸಂಗಡಿಗರು ತೋರಿಸಿದ್ದರು. ಇಂದು ಗೋಪುರವಿರುವ ಯಂತ್ರಗಳೆಲ್ಲ ಆ ದಾರಿಯವೇ. ಹಳೆಯದನ್ನು ಕೊಳ್ಳುವವರು ಮೊದಲು ನೋಡಬೇಕಾದದ್ದೂ ಈ ಗೋಪುರವನ್ನೇ. ಅನೇಕ ಮಾದರಿಗಳಲ್ಲಿ ಅದನ್ನು ತಿರುಗಿಸುವುದು ಕಡ್ಡಿಯಷ್ಟು ತೆಳ್ಳಗಿನ ರಬ್ಬರ್ ಬೆಲ್ಟು. ಅದು ಸಡಿಲವಾದರೆ ಯಂತ್ರ ನಿಂತಲ್ಲೇ ಸುತ್ತುತ್ತದೆ, ನಕ್ಷೆ ಓರೆಕೋರೆಯಾಗುತ್ತದೆ. ಬೆಲ್ಟಿನ ಬೆಲೆ ಅಲ್ಪ. ಗೋಪುರವನ್ನೇ ಬದಲಿಸಬೇಕಾಗಿ ಬಂದರೆ ಕೊಂಡ ಲಾಭ ಅಲ್ಲಿಗೆ ಮುಗಿಯಿತು.

ಮಲೆನಾಡಿನ ನೆಲದ ಮೇಲೆ ಇಳಿದಾಗ ಇನ್ನೊಂದು ವಿಚಿತ್ರ ಕಾಣುತ್ತದೆ. ಕೆಂಪು ಕಾವಿ ನೆಲದ ಮೇಲೆ ಸಲೀಸಾಗಿ ಓಡಿದ ಯಂತ್ರ, ಕಪ್ಪು ಕಾವಿಯ ಅಂಚುಪಟ್ಟಿ ಬಂದ ಕೂಡಲೇ ಥಟ್ಟನೆ ನಿಲ್ಲುತ್ತದೆ. ಕಡಪ ಕಲ್ಲು ಹಾಸಿದ ಅಡುಗೆಮನೆಯಲ್ಲಂತೂ ಹೆಜ್ಜೆಯನ್ನೇ ಇಡುವುದಿಲ್ಲ. ಹೊಟ್ಟೆಯ ಅಡಿಯಲ್ಲಿ, ಮುಂದಿನ ಅಂಚಿಗೆ ಮೂರು ನಾಲ್ಕು ಸಣ್ಣ ಕಿಂಡಿಗಳಿವೆ. ಒಂದೊಂದರಲ್ಲೂ ಅವಕೆಂಪು ಬೆಳಕು ಚೆಲ್ಲುವ ದೀಪವೂ ನೆಲದಿಂದ ಮರಳಿದ ಬೆಳಕನ್ನು ಅಳೆಯುವ ಕಣ್ಣೂ ಜೊತೆಯಾಗಿ ಕುಳಿತಿವೆ. ಬೆಳಕು ಮರಳಿದರೆ ನೆಲವಿದೆ, ಮರಳದಿದ್ದರೆ ಮೆಟ್ಟಿಲು. ಕೆಂಪು ಕಾವಿ ಅವಕೆಂಪನ್ನು ಚೆನ್ನಾಗಿ ಹಿಂದಿರುಗಿಸುತ್ತದೆ. ಕಪ್ಪು ಬಣ್ಣ ಅದನ್ನು ನುಂಗುತ್ತದೆ. ಹಾಗಾಗಿ ಅಜ್ಜನ ಕಾಲದ ಕಪ್ಪು ಅಂಚು ಯಂತ್ರದ ಪಾಲಿಗೆ ತಳವಿಲ್ಲದ ಪ್ರಪಾತ. ಕಿಂಡಿಗಳ ಮೇಲೆ ಬಿಳಿ ಕಾಗದ ಅಂಟಿಸಿ ಮೋಸ ಮಾಡುವ ಉಪಾಯ ಎಲ್ಲೆಡೆ ಚಾಲ್ತಿಯಲ್ಲಿದೆ. ಹೊಸ್ತಿಲುಗಳಿಂದ ಸುತ್ತುವರಿದ ಒಳಕೋಣೆಯಲ್ಲಿ ಅದರಿಂದ ಅಪಾಯವಿಲ್ಲ. ಜಗಲಿಯಲ್ಲಿ ಹಾಗೆ ಮಾಡಿದರೆ ಮಾತ್ರ ಯಂತ್ರ ಅಂಗಳಕ್ಕೆ ಉರುಳಿ ಬೀಳುತ್ತದೆ. ಕಾಗದ ಅಂಟಿಸುವ ಮೊದಲು ಕಿಂಡಿಗಳನ್ನು ಒಣಬಟ್ಟೆಯಲ್ಲಿ ಒಮ್ಮೆ ಒರೆಸಿ ನೋಡುವುದು ಜಾಣತನ. ಹಳೆಯ ಯಂತ್ರಗಳು ಬೆಳ್ಳಗಿನ ನೆಲದಲ್ಲೂ ಬೆದರಿ ಹಿಂದೆ ಸರಿದರೆ, ಮುಸುಕಿದ ದೂಳೇ ಕಾರಣವಿರಬಹುದು.

ಇನ್ನು ಮಳೆ. ಪಕ್ಕದ ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಮಿಕ್ಕಿ ಸುರಿಯುತ್ತದೆ. ಅದೇ ಮೋಡಗಳ ದಾರಿಯಲ್ಲಿರುವ ಶೃಂಗೇರಿ, ಕೊಪ್ಪ ಸೀಮೆಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋಡೆ ಬೆವರುತ್ತದೆ, ಚಪ್ಪಲಿಗೆ ಬೂಷ್ಟು ಹಿಡಿಯುತ್ತದೆ, ಉಪ್ಪಿನ ಡಬ್ಬಿಯಲ್ಲಿ ನೀರಾಡುತ್ತದೆ. ಈ ಯಂತ್ರಗಳ ಕೈಪಿಡಿ ಬರೆದವರ ಮನಸ್ಸಿನಲ್ಲಿ ಇಂಥ ನಾಲ್ಕು ತಿಂಗಳು ಇರಲಿಲ್ಲ.

ತೇವ ಮೊದಲು ಕೆಡಿಸುವುದು ಗುಡಿಸುವ ಕೆಲಸವನ್ನೇ. ಒಣ ಹವೆಯಲ್ಲಿ ದೂಳಿನ ಕಣ ನೆಲದ ಮೇಲೆ ಸುಮ್ಮನೆ ಕುಳಿತಿರುತ್ತದೆ. ಗಾಳಿಯ ತೇವಾಂಶ ಶೇ. 60–65 ದಾಟಿದಾಗ ಕಣಕ್ಕೂ ನೆಲಕ್ಕೂ ನಡುವಿನ ಸೂಕ್ಷ್ಮ ಸಂದಿಯಲ್ಲಿ ನೀರು ಸಾಂದ್ರವಾಗಿ, ಆ ಸಣ್ಣ ನೀರ ಸೇತುವೆ ಕಣವನ್ನು ನೆಲಕ್ಕೆ ಎಳೆದು ಹಿಡಿಯುತ್ತದೆ. ಒದ್ದೆ ಗಾಜಿಗೆ ಕಾಗದ ಕಚ್ಚಿಕೊಳ್ಳುವುದೂ ಈ ಬಲದಿಂದಲೇ. ಇದರ ಎದುರು ಯಂತ್ರದ ಹೀರುವ ಶಕ್ತಿ ದೊಡ್ಡದೇನಲ್ಲ. ಪೆಟ್ಟಿಗೆಯ ಮೇಲೆ ದಪ್ಪಕ್ಷರದಲ್ಲಿ 2,000 ಪಾಸ್ಕಲ್, 4,000 ಪಾಸ್ಕಲ್ ಎಂದು ಬರೆದಿರುತ್ತಾರೆ. ನಮ್ಮ ಸುತ್ತಲಿನ ವಾಯುಭಾರವೇ ಸುಮಾರು 1,01,000 ಪಾಸ್ಕಲ್, ಅದರಲ್ಲಿ ಇದು ನೂರರಲ್ಲಿ ಎರಡೋ ನಾಲ್ಕೋ ಪಾಲು. ಅದೂ ಬಾಯಿ ಪೂರ್ತಿ ಮುಚ್ಚಿ ಅಳೆದ ಸಂಖ್ಯೆ. ನೆಲದ ಮೇಲೆ ಓಡುವಾಗ ಬಾಯಿ ತೆರೆದೇ ಇರುವುದರಿಂದ ಅಷ್ಟು ಸೆಳೆತ ದಕ್ಕುವುದಿಲ್ಲ. ಅಂಕಿ ನೋಡಿ ಮರುಳಾಗುವುದಕ್ಕಿಂತ ಕುಂಚ ನೆಟ್ಟಗಿದೆಯೇ ನೋಡುವುದು ಮೇಲು. ಕಸವನ್ನು ಎಬ್ಬಿಸುವುದು ಬಹುಮಟ್ಟಿಗೆ ಕುಂಚ, ಗಾಳಿ ಅದನ್ನು ಡಬ್ಬಿಗೆ ಸಾಗಿಸುತ್ತದೆ.

ತೇವದ ಎರಡನೆಯ ಬೇಟೆ ಫಿಲ್ಟರು. ಒಳ್ಳೆಯ ‘ಹೆಪಾ’ ಫಿಲ್ಟರು 0.3 ಮೈಕ್ರಾನ್ ಗಾತ್ರದ ಕಣಗಳಲ್ಲಿ ಶೇ. 99.97ರಷ್ಟನ್ನು ತಡೆಯಬೇಕು. ಆ ಗಾತ್ರವನ್ನೇ ಆರಿಸಿರುವುದಕ್ಕೆ ಕಾರಣವಿದೆ. ದೊಡ್ಡ ಕಣ ನೇರ ಹೋಗಿ ಎಳೆಗೆ ಬಡಿಯುತ್ತದೆ, ತೀರಾ ಸಣ್ಣದು ಗಾಳಿಯ ಅಣುಗಳ ಹೊಡೆತಕ್ಕೆ ಅತ್ತಿತ್ತ ಓಲಾಡಿ ಸಿಕ್ಕಿಬೀಳುತ್ತದೆ. ನಡುವಿನ ಈ ಗಾತ್ರದ ಕಣಕ್ಕೆ ಎರಡೂ ದೌರ್ಬಲ್ಯವಿಲ್ಲ, ನುಣುಚಿಕೊಳ್ಳುವುದರಲ್ಲಿ ಅದೇ ಚಾಣಾಕ್ಷ. ಅನೇಕ ಫಿಲ್ಟರುಗಳ ಎಳೆಗಳಿಗೆ ವಿದ್ಯುದಾವೇಶ ಕೊಟ್ಟು ಕಣಗಳನ್ನು ಸೆಳೆಯುವ ಗುಣವನ್ನೂ ತುಂಬಿರುತ್ತಾರೆ. ಸೋಪು ನೀರು ಮತ್ತು ಹೊಗೆಯ ಎಣ್ಣೆ ಜಿಡ್ಡು ಈ ಗುಣವನ್ನು ಅಳಿಸಿಹಾಕುತ್ತವೆ. ಮಳೆಗಾಲದಲ್ಲಿ ಫಿಲ್ಟರು ತೊಳೆದು, ಬಟ್ಟೆ ಒಣಗಿಸುವ ಹಾಗೆ ಬಚ್ಚಲ ಒಲೆಯ ಮೇಲಿನ ಗಳುವಿಗೆ ನೇತುಹಾಕಿದರೆ ಎರಡು ಏಟೂ ಒಟ್ಟಿಗೇ ಬೀಳುತ್ತವೆ. ಸೌದೆ ಹೊಗೆಯ ಕಣಗಳು ಬಹುತೇಕ ಒಂದು ಮೈಕ್ರಾನಿಗಿಂತ ಚಿಕ್ಕವು, ಅಂಟು ಬೇರೆ. ತೊಳೆಯಬಹುದು ಎಂದು ಫಿಲ್ಟರಿನ ಮೇಲೆಯೇ ಬರೆದಿದ್ದರೆ ಬರಿಯ ನೀರಿನಲ್ಲಿ ಅದ್ದಿ, ಹೊಗೆ ತಾಗದ ಕೋಣೆಯಲ್ಲಿ ಫ್ಯಾನಿನ ಕೆಳಗೆ ಎರಡು ದಿನ ಬಿಡಬೇಕು. ಹಸಿಯಾಗಿ ಹಾಕಿದ ಫಿಲ್ಟರು ಬೂಷ್ಟು ಹಿಡಿದು, ಆಮೇಲೆ ಯಂತ್ರ ಓಡಿದಾಗಲೆಲ್ಲ ಅದರ ಬೀಜಕಣಗಳನ್ನು ಮನೆಗೆಲ್ಲ ಹಂಚುತ್ತದೆ. ಉಬ್ಬಸದವರಿರುವ ಮನೆಯಲ್ಲಿ ಇದು ಕಸಬರಿಗೆಯ ದೂಳಿಗಿಂತ ಕೆಟ್ಟದ್ದು. ಎರಡು ಫಿಲ್ಟರು ಇಟ್ಟುಕೊಂಡು ಅದಲು ಬದಲು ಮಾಡುವುದೊಂದೇ ದಾರಿ.

ಮೂರನೆಯದು ಲೋಹ. ಯಂತ್ರ ತನ್ನ ಗೂಡಿಗೆ ಮರಳಿ ಚಾರ್ಜಿಗೆ ನಿಂತಾಗ ಅದರ ಮೈಯ ಎರಡು ಲೋಹದ ಬಿಲ್ಲೆಗಳು ಗೂಡಿನ ಬಿಲ್ಲೆಗಳಿಗೆ ತಾಗಬೇಕು. ತೇವಕ್ಕೆ ಅವು ಮಂಕಾಗಿ, ಮೇಲೊಂದು ಪದರ ಕಟ್ಟಿ ಕರೆಂಟು ಹರಿಯುವುದಿಲ್ಲ. ಬ್ಯಾಟರಿ ಸತ್ತಿತೆಂದು ಎಸೆಯುವ ಮೊದಲು ಮಕ್ಕಳ ಪೆನ್ಸಿಲ್ ರಬ್ಬರಿನಿಂದ ಬಿಲ್ಲೆಗಳನ್ನು ಉಜ್ಜಿ ನೋಡಬೇಕು. ಗೂಡಿನೊಳಗೆ ಇರುವೆ ಮನೆ ಮಾಡಿದೆಯೇ ಎಂಬುದನ್ನೂ ನೋಡಿಕೊಳ್ಳಬೇಕು. ಬೆಚ್ಚಗಿನ ವಿದ್ಯುತ್ ಪೆಟ್ಟಿಗೆ ಮಳೆಗಾಲದಲ್ಲಿ ಅವಕ್ಕೆ ಅರಮನೆ.

ಬ್ಯಾಟರಿಯ ವಿಷಯದಲ್ಲಿ ಸ್ವಲ್ಪ ಲೆಕ್ಕ ಬೇಕು. ಈಗಿನ ಯಂತ್ರಗಳಲ್ಲಿ ಬಹುಪಾಲಿನವಕ್ಕೆ ಲಿಥಿಯಂ-ಅಯಾನ್ ಕೋಶಗಳು. 18 ಮಿಲಿಮೀಟರ್ ದಪ್ಪ, 65 ಮಿಲಿಮೀಟರ್ ಉದ್ದವಿರುವುದರಿಂದ ಇವನ್ನು 18650 ಎನ್ನುತ್ತಾರೆ. ನಾಲ್ಕನ್ನು ಸಾಲಾಗಿ ಜೋಡಿಸಿದರೆ 14.4 ವೋಲ್ಟ್. ಈ ಗಾತ್ರದ ಒಳ್ಳೆಯ ಕೋಶದಲ್ಲಿ ಹಿಡಿಯುವುದು ಸುಮಾರು 3,500 ಮಿಲಿ-ಆಂಪಿಯರ್-ಗಂಟೆ. ನಾಲ್ಕು ಕೋಶಗಳ ಪೊಟ್ಟಣವಾದರೆ ಅಷ್ಟೇ, ಎಂಟರದ್ದಾದರೆ ಅದರ ಎರಡರಷ್ಟು. ಹೀಗಿರುವಾಗ ಆನ್‌ಲೈನ್‌ನಲ್ಲಿ ಅಗ್ಗಕ್ಕೆ ಸಿಗುವ ಅದೇ ಗಾತ್ರದ ಬದಲಿ ಬ್ಯಾಟರಿಯ ಮೇಲೆ 9,800 ಎಂದು ಅಚ್ಚಾಗಿದ್ದರೆ ಅದು ಹಸಿ ಸುಳ್ಳು. ಅಂಥದ್ದನ್ನು ಮನೆಯೊಳಗೆ ತರಬಾರದು.

ಲಿಥಿಯಂ ಕೋಶ 300ರಿಂದ 500 ಬಾರಿ ಪೂರ್ತಿ ತುಂಬಿ ಬರಿದಾದ ಮೇಲೆ ಮೂಲ ಶಕ್ತಿಯ ಶೇ. 80ಕ್ಕೆ ಇಳಿಯುವುದು ಸಹಜ. ದಿನಕ್ಕೊಮ್ಮೆ ಪೂರ್ತಿ ಬರಿದಾಗುವಷ್ಟು ಓಡಿದ ಯಂತ್ರ ಹತ್ತರಿಂದ ಹದಿನಾರು ತಿಂಗಳಿಗೇ ಆ ಮಟ್ಟಕ್ಕೆ ಬರುತ್ತದೆ. ಆದ್ದರಿಂದ ರಿಫರ್ಬಿಶ್ಡ್ ಯಂತ್ರ ಮನೆಗೆ ಬಂದ ದಿನವೇ ಪೂರ್ತಿ ಚಾರ್ಜು ಮಾಡಿ, ಗಡಿಯಾರ ಇಟ್ಟು, ಬರಿದಾಗುವ ತನಕ ಓಡಿಸಿ ನೋಡಬೇಕು. ಕೈಪಿಡಿಯಲ್ಲಿ ಹೇಳಿದ ಹೊತ್ತಿನ ಅರ್ಧಕ್ಕೇ ನಿಂತರೆ ವಾಪಸಾತಿಯ ಗಡುವು ಮುಗಿಯುವ ಮೊದಲೇ ಹಿಂದಿರುಗಿಸಿ. ಮಳೆಗಾಲದಲ್ಲಿ ಬಳಸದೆ ಎತ್ತಿಡುವವರು ಅರ್ಧ ಚಾರ್ಜಿನಲ್ಲಿ ಸ್ವಿಚ್ಚು ಆರಿಸಿ, ನಡುವೆ ಒಂದೆರಡು ಸಲ ಮತ್ತೆ ಅರ್ಧಕ್ಕೆ ತುಂಬಬೇಕು. ಪೂರ್ತಿ ಬರಿದಾದ ಕೋಶವನ್ನು ನಾಲ್ಕು ತಿಂಗಳು ಬಿಟ್ಟರೆ ಅದರ ವೋಲ್ಟೇಜು ಕುಸಿದು, ಒಳಗಿನ ತಾಮ್ರದ ಹಾಳೆ ಕರಗಲು ಶುರುವಾಗುತ್ತದೆ. ಆಮೇಲೆ ಅದನ್ನು ಬದುಕಿಸುವ ಸಾಹಸ ಬೇಡ.

ಕರೆಂಟಿನ ಖರ್ಚು ದೊಡ್ಡದಲ್ಲ. 14.4 ವೋಲ್ಟಿನ, 5,200 ಮಿಲಿ-ಆಂಪಿಯರ್-ಗಂಟೆಯ ಬ್ಯಾಟರಿ ತುಂಬಲು ನಷ್ಟವೂ ಸೇರಿ ಒಂದು ಯೂನಿಟ್ಟಿನ ಹತ್ತನೇ ಒಂದು ಪಾಲು ಸಾಕು. ತಮಾಷೆಯೆಂದರೆ, ಸುಮ್ಮನೆ ಗೋಡೆಗೆ ಸಿಕ್ಕಿಸಿಟ್ಟ ಗೂಡು ಮೂರು ವಾಟ್ ಎಳೆಯುತ್ತಿದ್ದರೂ ದಿನಕ್ಕೆ 72 ವಾಟ್-ಗಂಟೆ, ಹೆಚ್ಚುಕಡಿಮೆ ಗುಡಿಸಿದಷ್ಟೇ ಖರ್ಚು. ಎರಡೂ ಸೇರಿ ತಿಂಗಳಿಗೆ ಐದು ಯೂನಿಟ್. ಮನೆಗಳಿಗೆ ಉಚಿತ ಕರೆಂಟು ಕೊಡುವ ಗೃಹಜ್ಯೋತಿ ಯೋಜನೆಯ 200 ಯೂನಿಟ್ಟಿನ ಮಿತಿಯ ಮುಂದೆ ಇದು ಲೆಕ್ಕಕ್ಕಿಲ್ಲ. ಲೆಕ್ಕಕ್ಕಿರುವುದು ಸಿಡಿಲು. ಏಪ್ರಿಲ್, ಮೇ ತಿಂಗಳ ಸಂಜೆ ಗುಡುಗು ಕೇಳಿದ ಕೂಡಲೇ ಟಿವಿ, ಮೋಡೆಮ್‌ಗಳ ಪ್ಲಗ್ಗು ಕೀಳುವ ಅಭ್ಯಾಸ ಮಲೆನಾಡಿನಲ್ಲಿದೆ. ಈ ಗೂಡನ್ನೂ ಆ ಪಟ್ಟಿಗೆ ಸೇರಿಸಬೇಕು. ಅಮೆರಿಕದಿಂದ ಮಗಳು ತಂದುಕೊಟ್ಟ ಯಂತ್ರವಾದರೆ ಇನ್ನೊಂದು ಎಚ್ಚರ ಬೇಕು. ಗೂಡಿನ ಬೆನ್ನಿನ ಚೀಟಿಯಲ್ಲಿ 100–240 ವೋಲ್ಟ್ ಎಂದಿದ್ದರೆ ಸರಿ, 120 ಎಂದಷ್ಟೇ ಇದ್ದರೆ ನಮ್ಮ 230 ವೋಲ್ಟಿಗೆ ಸಿಕ್ಕಿಸಿದ ಕ್ಷಣವೇ ಅದರ ಕತೆ ಮುಗಿದಂತೆ.

ದಿನದ ಆರೈಕೆ ಬೇಸರದ ಕೆಲಸ, ಆದರೆ ಕಷ್ಟದ್ದಲ್ಲ. ಕುಂಚದ ಎರಡೂ ತುದಿಗಳಲ್ಲಿ ಕೂದಲು ಸುತ್ತಿಕೊಂಡು ಬೇರಿಂಗಿನೊಳಗೆ ನುಗ್ಗುತ್ತದೆ. ಉದ್ದ ಕೂದಲಿನವರಿರುವ ಮನೆಯಲ್ಲಿ ವಾರಕ್ಕೊಮ್ಮೆ ಅದನ್ನು ಕತ್ತರಿಸಿ ತೆಗೆಯದಿದ್ದರೆ ಮೋಟಾರು ಬಿಸಿಯಾಗುತ್ತದೆ. ಹೂ ಕಟ್ಟಿದ ಬಾಳೆನಾರು ಇನ್ನೂ ಕೆಟ್ಟದ್ದು. ಅಡಿಕೆ ಸುಲಿಯುವ ದಿನಗಳಲ್ಲಿ ಸಿಪ್ಪೆಯ ನಾರು ಜಗಲಿಯಿಂದ ಒಳಗೆ ಬರುತ್ತದೆ. ಮೊದಲ ಮಳೆಯ ರಾತ್ರಿ ದೀಪಕ್ಕೆ ಮುತ್ತಿದ ಗೆದ್ದಲುಗಳು ಉದುರಿಸಿದ ರೆಕ್ಕೆಗಳು ಡಬ್ಬಿಯನ್ನು ಐದೇ ನಿಮಿಷದಲ್ಲಿ ತುಂಬಿಸಿ ಫಿಲ್ಟರಿಗೆ ಹಾಳೆಯಂತೆ ಮೆತ್ತಿಕೊಳ್ಳುತ್ತವೆ. ಆ ಬೆಳಗ್ಗೆ ಹಿಡಿಕಡ್ಡಿಯೇ ಸರಿ. ಒದ್ದೆ ಕಾಲಿನ ಕೆಸರಿನ ಮೇಲೂ ಯಂತ್ರ ಬಿಡಬಾರದು, ಒಳಗೆ ಹೋದ ಕೆಸರು ಒಣಗಿ ಗಾರೆಯಾಗುತ್ತದೆ.

ಸೆಕೆಗಾಲದಲ್ಲಿ ತಂಪಿಗೆಂದು ಕಾವಿ ನೆಲದ ಮೇಲೆ ಚಾಪೆ ಹಾಸಿ ಮಲಗುವವರು ದಕ್ಷಿಣ ಕೊರಿಯಾದ ಒಂದು ಘಟನೆಯನ್ನು ತಿಳಿದಿರಲಿ. 2015ರಲ್ಲಿ ಚಾಂಗ್ವಾನ್ ನಗರದಲ್ಲಿ ನೆಲದ ಮೇಲೆ ಮಲಗಿದ್ದ ಮಹಿಳೆಯೊಬ್ಬರ ಕೂದಲನ್ನು ಇಂಥ ಯಂತ್ರ ಎಳೆದುಕೊಂಡು, ಬಿಡಿಸಲು ತುರ್ತುಸೇವೆಯವರೇ ಬರಬೇಕಾಯಿತು. ಮಧ್ಯಾಹ್ನದ ನಿದ್ದೆಯ ಹೊತ್ತಿಗೆ ಯಂತ್ರದ ವೇಳಾಪಟ್ಟಿ ಇಡಬೇಡಿ.

ಉಳಿದದ್ದು ನೆಟ್‌ವರ್ಕು. 2020ರ ಲಾಕ್‌ಡೌನ್‌ನಲ್ಲಿ ಪಾಠ ಕೇಳಲು ಮಕ್ಕಳು ಗುಡ್ಡ ಹತ್ತಿದ ಸೀಮೆ ಇದು. ಈಗ ಹಲವು ಮನೆಗಳಿಗೆ ಫೈಬರ್ ಬಂದಿದೆ, ಆದರೆ ಗಾಳಿಗೆ ಒಂದು ಮರ ಬಿದ್ದರೆ ತಂತಿ ತುಂಡು. ಮೊಬೈಲ್ ಆ್ಯಪ್ ಇಲ್ಲದೆ ಮಿಸುಕಾಡದ ಯಂತ್ರ ಇಲ್ಲಿ ನಿಷ್ಪ್ರಯೋಜಕ. ತಂತಿ ಚೆನ್ನಾಗಿದ್ದರೂ ದೂರದ ಕಂಪನಿ ಚೆನ್ನಾಗಿರಬೇಕಲ್ಲ. ನಿಯಾಟೋ ಕಂಪನಿಯನ್ನು ಅದರ ಒಡೆಯ ಸಂಸ್ಥೆ ವೋರ್‌ವೆರ್ಕ್ 2023ರಲ್ಲಿ ಮುಚ್ಚಿತು. ಕ್ಲೌಡ್ ಸೇವೆ ಐದು ವರ್ಷ ಇರುತ್ತದೆಂಬ ಭರವಸೆ 2025ಕ್ಕೇ ಮುರಿದುಬಿತ್ತು. ಅದೇ ವರ್ಷದ ಡಿಸೆಂಬರ್‌ನಲ್ಲಿ ಐರೋಬೋಟ್ ಕೂಡ ಅಮೆರಿಕದಲ್ಲಿ ದಿವಾಳಿ ರಕ್ಷಣೆಗೆ ಅರ್ಜಿ ಹಾಕಿ, ತನಗೆ ಯಂತ್ರ ತಯಾರಿಸಿಕೊಡುತ್ತಿದ್ದ ಚೀನಾದ ಪಿಸಿಯಾ ಕಂಪನಿಯ ಕೈಗೆ ಹೋಗಲು ಒಪ್ಪಿತು. ಮೈಮೇಲಿನ ಗುಂಡಿ ಒತ್ತಿದರೆ ನೆಟ್ಟಿನ ಹಂಗಿಲ್ಲದೆ ಹೊರಡುತ್ತದೆಯೇ? ಹಳೆಯದನ್ನು ಕೊಳ್ಳುವಾಗ ಮಾರುವವನಿಗೆ ಕೇಳಬೇಕಾದ ಮೊದಲ ಪ್ರಶ್ನೆ ಇದು. ಕ್ಲೌಡ್ ಬಿಟ್ಟು ಮನೆಯೊಳಗೇ ನಡೆಸುವ ‘ವ್ಯಾಲೆಟುಡೊ’ ಎಂಬ ಉಚಿತ ತಂತ್ರಾಂಶವೂ ಇದೆ. ಆದರೆ ಅದು ಕೆಲವೇ ಮಾದರಿಗಳಿಗೆ ಒಗ್ಗುತ್ತದೆ, ಹಾಕಲು ಕಂಪ್ಯೂಟರ್ ಬಲ್ಲ ಮಗನೋ ಮಗಳೋ ಬೇಕು.

ಹಳೆಯ ಯಂತ್ರದಲ್ಲಿ ಹಳೆಯ ಒಡೆಯರ ಮನೆಯ ನಕ್ಷೆಯೂ ವೈಫೈ ಗುಟ್ಟೂ ಉಳಿದಿರಬಹುದು. ಇದು ಉತ್ಪ್ರೇಕ್ಷೆಯ ಭಯವಲ್ಲ. ಪರೀಕ್ಷೆಗೆಂದು ಮನೆಗಳಲ್ಲಿಟ್ಟ ಕ್ಯಾಮೆರಾ ಸಹಿತ ರೂಂಬಾಗಳು ತೆಗೆದ ಚಿತ್ರಗಳು, ಶೌಚಾಲಯದಲ್ಲಿದ್ದ ಮಹಿಳೆಯದ್ದೂ ಸೇರಿ, ಹೊರಗೆ ಸೋರಿದ್ದನ್ನು ಎಂಐಟಿ ಟೆಕ್ನಾಲಜಿ ರಿವ್ಯೂ ಪತ್ರಿಕೆ 2022ರಲ್ಲಿ ಬಯಲಿಗೆಳೆಯಿತು. 2020ರಲ್ಲಿ ಸಿಂಗಪುರದ ರಾಷ್ಟ್ರೀಯ ವಿಶ್ವವಿದ್ಯಾಲಯದ ಸಂಶೋಧಕರು ಮೈಕೇ ಇಲ್ಲದ ಯಂತ್ರದ ಲೇಸರನ್ನು ಕಸದ ಬುಟ್ಟಿಯಂಥ ವಸ್ತುವಿನತ್ತ ತಿರುಗಿಸಿ, ಅದರ ಸೂಕ್ಷ್ಮ ಕಂಪನದಿಂದ ಕೋಣೆಯ ಮಾತುಗಳನ್ನು ಹೆಕ್ಕಿ ತೋರಿಸಿದರು. ಬೇಗಾರಿನ ಅಡುಗೆಮನೆಯ ಮಾತು ಕದಿಯಲು ಯಾರೂ ಅಷ್ಟು ಕಷ್ಟಪಡಲಾರರು, ನಿಜ. ಆದರೂ ಕೊಡುವವರು ಕೊಡುವ ಮೊದಲು, ಕೊಂಡವರು ಕೊಂಡ ಕೂಡಲೇ ಯಂತ್ರವನ್ನು ರೀಸೆಟ್ ಮಾಡುವುದು ಒಳ್ಳೆಯದು. ಮಾಡದಿದ್ದರೆ ಎಷ್ಟೋ ಮಾದರಿಗಳು ಹೊಸ ಫೋನಿಗೆ ಜೋಡಿಯೇ ಆಗುವುದಿಲ್ಲ.

ರಿಪೇರಿ ಮಾಡುವವರು ಶೃಂಗೇರಿ, ಕೊಪ್ಪದ ಅಂಗಡಿಗಳಲ್ಲೇ ಸಿಗಬಹುದು. ಮಿಕ್ಸಿ ಮೋಟಾರು ಬಿಚ್ಚುವ ಕೈಗೆ ಇದರ ಚಕ್ರ, ಕುಂಚ, ಬೆಲ್ಟು ಹೊಸದೇನಲ್ಲ. ಸಿಗದಿರುವುದು ಬಿಡಿಭಾಗ. ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಡಿಸೆಂಬರ್‌ನಲ್ಲಿ ‘ರಿಪೇರಿಯ ಹಕ್ಕು’ ಜಾಲತಾಣ ತೆರೆದು, ಕೈಪಿಡಿ ಮತ್ತು ಬಿಡಿಭಾಗದ ವಿವರಗಳನ್ನು ಒಂದೆಡೆ ತರಲು ಹೊರಟಿದೆ. ಕೊಳ್ಳುವ ಮೊದಲು ಆ ಮಾದರಿಯ ಬ್ಯಾಟರಿ, ಫಿಲ್ಟರು, ಕುಂಚ ಮೂರೂ ಭಾರತದಲ್ಲಿ ಮಾರಾಟಕ್ಕಿವೆಯೇ ಎಂದು ಹುಡುಕಿ ನೋಡಿ. ಇಲ್ಲವಾದರೆ ಪುಕ್ಕಟೆ ಸಿಕ್ಕಿದರೂ ದುಬಾರಿಯೇ.

ಇಡೀ ಮನೆಗೆ ಈ ಯಂತ್ರ ಸಾಲುವುದಿಲ್ಲ. ನಾಲ್ಕು ಕೋಣೆಗೆ ನಾಲ್ಕು ಸಲ ಎತ್ತಿ ಇಡಬೇಕು, ಮೂರು ನಾಲ್ಕು ಕಿಲೋ ತೂಕ. ಮಂಚದ ಕೆಳಗೆ, ಕಪಾಟಿನ ಅಡಿಗೆ, ಸೊಂಟ ಬಗ್ಗದವರ ಕೈ ತಲುಪದ ಕಡೆಗೆ ಅಕ್ಟೋಬರ್‌ನಿಂದ ಮೇವರೆಗೆ ಚೆನ್ನಾಗಿ ದುಡಿಯುತ್ತದೆ. ಅಷ್ಟಕ್ಕೆ ಒಪ್ಪುವವರು ಕೊಳ್ಳಬಹುದು.

ಕೊನೆಗೊಂದು ಮಾತು. ಹಳ್ಳಿಮನೆಗಳಲ್ಲಿ ಸುಡಬಹುದಾದ ಕಸ ಬಚ್ಚಲ ಒಲೆಗೆ ಹೋಗುವುದು ವಾಡಿಕೆ. ಈ ಯಂತ್ರದ ಬ್ಯಾಟರಿಯನ್ನು ಮಾತ್ರ ಅಲ್ಲಿಗೆ ಹಾಕಬೇಡಿ, ತೋಟದಲ್ಲೂ ಹೂಳಬೇಡಿ. ಬೆಂಕಿಯಲ್ಲಿ ಅದು ಸಿಡಿಯುತ್ತದೆ, ವಿಷಾನಿಲ ಉಗುಳುತ್ತದೆ. ಬಳಸಿ ಮುಗಿದ ಬ್ಯಾಟರಿಯನ್ನು ಹಿಂಪಡೆದು ಮರುಬಳಕೆಗೆ ಕಳಿಸುವ ಹೊಣೆಯನ್ನು 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು ತಯಾರಕರ ಮೇಲೆ ಹೊರಿಸಿವೆ. ಎರಡು ತುದಿಗೂ ಇನ್ಸುಲೇಷನ್ ಟೇಪು ಸುತ್ತಿ, ಒಣ ಡಬ್ಬಿಯಲ್ಲಿಟ್ಟು, ಮುಂದಿನ ಸಲ ಬೆಂಗಳೂರಿನಿಂದ ಬಂದವರ ಕೈಗೆ ಕೊಟ್ಟು ಇ-ತ್ಯಾಜ್ಯ ಸಂಗ್ರಹ ಕೇಂದ್ರಕ್ಕೆ ತಲುಪಿಸಿ.